ಕೇಸ್ ಹಿಡಿದವನು

“ಇವನನ್ನ ನಾನ್ಯಾಕೆ ಉಳಿಸ್ಬೇಕು?”

ಗೋಪಾಲ ಕೇಳಿದ್ದು ಯಾರನ್ನೂ ಅಲ್ಲ. ಫೋನ್ ಮ್ಯೂಟ್‌ನಲ್ಲಿತ್ತು. ಅಕ್ಕಪಕ್ಕದ ಮೇಜಿನವರು ಊಟಕ್ಕೆ ಹೋಗಿದ್ದರು. ಕಿಟಕಿಯಾಚೆ ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ಕಾರುಗಳು ಬಿಸಿಲಿಗೆ ಬೆನ್ನೊಡ್ಡಿ ನಿಂತಿದ್ದವು.

ಅವನ ಕೆಲಸ ಸರಳ. ಪ್ರಯಾಣ ವಿಮೆ ಮಾಡಿಸಿದವರು ಜಗತ್ತಿನ ಯಾವ ಮೂಲೆಯಲ್ಲಿ ಮಲಗಿದರೂ ಕರೆ ಬರುವುದು ಸಿಡ್ನಿಯ ಈ ಮೇಜುಗಳಿಗೆ. ಆಂಬುಲೆನ್ಸ್ ಇರಲಿ, ಹೆಲಿಕಾಪ್ಟರ್ ಇರಲಿ, ಕೇಸ್ ಹಿಡಿದವನ ಮಾತಿಲ್ಲದೆ ಯಾವುದೂ ಏಳುವುದಿಲ್ಲ, ಯಾವುದೂ ನಿಲ್ಲುವುದಿಲ್ಲ. ರೋಗಿ ಪರಿಚಯದವನಾದರೆ ಕೇಸನ್ನು ಇನ್ನೊಬ್ಬರಿಗೆ ದಾಟಿಸಬೇಕು. ಗೋಪಾಲ ದಾಟಿಸಿರಲಿಲ್ಲ.

ಹೆಸರು: ಇಂದ್ರೇಶ್. ವಯಸ್ಸು ಮೂವತ್ತಾರು. ಮನೆ ಮೆಲ್ಬರ್ನ್‌ನ ಬಾಕ್ಸ್ ಹಿಲ್. ಈಗ ಇರುವುದು ನೇಪಾಳದ ಉತ್ತರ ಅಂಚಿನ ಒಂದು ಬೌದ್ಧ ಕಣಿವೆಯಲ್ಲಿ, ನಾಲ್ಕು ಸಾವಿರದ ಇನ್ನೂರು ಮೀಟರ್ ಎತ್ತರದಲ್ಲಿ.

ಒಂದೂವರೆ ಗಂಟೆಯ ಹಿಂದೆ ಮೊದಲ ಕರೆ ಮಾಡಿದವಳು ಅವನ ಹೆಂಡತಿ ಊರ್ಮಿಳಾ. ಗೈಡ್‌ನ ಸ್ಯಾಟಲೈಟ್ ಫೋನ್. ಈ ತುದಿಯಲ್ಲಿ ಯಾರೆಂದು ತಿಳಿದೊಡನೆ ಅವಳ ಇಂಗ್ಲಿಷ್ ಬಿದ್ದುಹೋಗಿ ಕನ್ನಡ ಬಂತು.

“ನಿನ್ನೆ ತಲೆನೋವು ಅಂದ್ರು ಗೋಪಾಲ್. ಪಿತ್ತ ಅಷ್ಟೇ ಅಂತ ಶುಂಠಿ ಕಷಾಯ ಮಾಡಿಸ್ಕೊಂಡು ಕುಡಿದ್ರು. ಬೆಳಿಗ್ಗೆ ಎರಡು ಸಲ ವಾಂತಿ. ಈಗ ಬೂಟಿನ ಲೇಸ್ ಕಟ್ಟೋಕಾಗ್ತಿಲ್ಲ. ಇಲ್ಲಿ ಮಂತ್ರ ಕೆತ್ತಿರೋ ಕಲ್ಲಿನ ಗೋಡೆ ಇದೆ, ಅದನ್ನ ಹಿಡ್ಕೊಂಡು ನಡೀತಿದಾರೆ, ಕುಡಿದೋರ ಥರ.”

ಪಟ್ಟಿಯಲ್ಲಿದ್ದ ಪ್ರಶ್ನೆಗಳನ್ನೆಲ್ಲ ಗೋಪಾಲ ಕೇಳಿ ಮುಗಿಸಿದ. ಎತ್ತರದ ತೆಳು ಗಾಳಿಗೆ ಮಿದುಳು ಊದಿಕೊಳ್ಳುವ ಕಾಯಿಲೆ; ಬೇಗ ಕೆಳಗಿಳಿಸದಿದ್ದರೆ ಸಾವು. “ಆಯ್ತು ಊರ್ಮಿಳಾ. ಇವನನ್ನ ನಾನು ನೋಡ್ಕೋತೀನಿ,” ಎಂದ. ನಿಯಮದಂತೆ ಮಾಡಬೇಕಾದದ್ದನ್ನು ಮಾಡಿದ. ಆಮೇಲೆ ಒಂದೇ ಪದ ತಲೆಯೊಳಗೆ ಸುತ್ತತೊಡಗಿತು.

ಪಿತ್ತ.

ನಾಲ್ಕು ವರ್ಷದ ಹಿಂದೆ ಅದೇ ಕಣಿವೆಗೆ ಮೂವರು ಹೋಗಿದ್ದರು. ಇಂದ್ರೇಶ್, ಗುರು, ಗೋಪಾಲ. ವಿದ್ಯಾರ್ಥಿಗಳಾಗಿದ್ದಾಗ ಬಾಕ್ಸ್ ಹಿಲ್‌ನ ಒಂದೇ ಮನೆಯಲ್ಲಿ ಒಂದೇ ಕುಕ್ಕರಿನ ಅನ್ನ ತಿಂದವರು. ಗುರುವಿಗೆ ತಲೆ ಸಿಡಿಯುತ್ತಿತ್ತು. ಕೆಳಗಿಳಿಯೋಣ, ಆಗದಿದ್ದರೆ ಹೆಲಿಕಾಪ್ಟರ್ ಕರೆಸಿ ಎಂದು ಬೇಡಿಕೊಂಡ. ಇಂದ್ರೇಶ್ ಕಷಾಯದ ಲೋಟ ಅವನ ಕೈಗಿಟ್ಟ.

“ಪಿತ್ತ ಕಣೋ. ನಮ್ಮಜ್ಜಿ ಆಗಿದ್ರೆ ಇದನ್ನ ಕುಡಿಸಿ ಗದ್ದೆಗೆ ಕಳಿಸ್ತಿದ್ಲು. ಹೆಲಿಕಾಪ್ಟರಲ್ಲಿ ಹೋಗೋಕೆ ನೀನೇನು ಮದುವೆ ಗಂಡಾ? ಇನ್ನೊಂದೇ ದಿನದ ದಾರಿ.”

ಗೋಪಾಲನೂ ನಕ್ಕಿದ್ದ. ಕೋಳಿ ಕೊಯ್ಯುವುದೂ ಪಾಪವೆನ್ನುವ ಆ ಕಣಿವೆಯಲ್ಲಿ, ಮರುದಿನ ಸೂರ್ಯ ಇಳಿಯುವ ಮೊದಲೇ ಗುರು ಸತ್ತ. ಅಲ್ಲಿನ ಬೌದ್ಧ ಮಠವಾದ ಗೊಂಪಾದ ಲಾಮಾಗಳು ಬೆಣ್ಣೆಯ ದೀಪ ಹಚ್ಚಿದರು.

ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಮಗಳ ಮನೆಯಲ್ಲಿದ್ದಳು ಗುರುವಿನ ತಾಯಿ ಚಿನ್ನಮ್ಮ. ಅವಳೆದುರು ಇಂದ್ರೇಶ್ ಅತ್ತ. “ವಾಪಸ್ ಹೋಗೋಣ ಅಂತ ನಾವು ಬಡ್ಕೊಂಡ್ವಿ ಅಮ್ಮಾ. ಅವನೇ ಹಟ ಹಿಡಿದ.”

ಅಂದಿನಿಂದ ಆ ತಾಯಿ ಸತ್ತ ಮಗನನ್ನು ಬೈಯುತ್ತಿದ್ದಾಳೆ. ದೀಪ ಹಚ್ಚುವಾಗಲೂ, “ತಾಯಿ ಬೇಡವಾದಳಲ್ಲೋ ಹಟಮಾರಿ,” ಎನ್ನುತ್ತಾಳೆ. ಗೋಪಾಲ ನಿಜ ಹೇಳಿದ. ಅವಳು ನಂಬಲಿಲ್ಲ. “ನನ್ನ ಸಮಾಧಾನಕ್ಕೆ ಹೇಳ್ತಿದೀಯ ಕಣಪ್ಪಾ. ಇಂದ್ರೇಶನ ಬಾಯಲ್ಲೇ ಬರ್ಲಿ.”

ಮೂರು ಸಲ ಗೋಪಾಲ ಮೆಲ್ಬರ್ನ್‌ಗೆ ಹೋದ. “ಸತ್ತವನನ್ನ ಯಾಕೋ ಎಬ್ಬಿಸ್ತೀಯ? ಬಾ, ಕಾಫಿ ಕುಡಿ,” ಎಂದ ಇಂದ್ರೇಶ್. ಮೂರನೆಯ ಸಲ ಕಾಫಿಯೂ ಇರಲಿಲ್ಲ, ಬಾಗಿಲೂ ತೆರೆಯಲಿಲ್ಲ. ಈ ವರ್ಷ ಅದೇ ಕಣಿವೆಗೆ ಹೆಂಡತಿಯನ್ನೂ ನಾಲ್ವರು ಹೊಸ ಗೆಳೆಯರನ್ನೂ ಕರೆದುಕೊಂಡು ಮುಂದಾಳಾಗಿ ಹೊರಟ.

ಕಾವ್ಯವಾಚನ ಕೇಳುತ್ತ ಬೆಳೆದವನು ಗೋಪಾಲ. ವೈರಿ ಕೈಗೆ ಸಿಕ್ಕುವ ಘಟ್ಟ ಬಂದಾಗ ವಾಚಕರು ದನಿ ಏರಿಸುತ್ತಿರಲಿಲ್ಲ, ತಗ್ಗಿಸುತ್ತಿದ್ದರು. ಸಭೆಯೆಲ್ಲ ಮುಂದಕ್ಕೆ ಬಾಗುತ್ತಿತ್ತು. ಅವನು ಮ್ಯೂಟ್ ತೆಗೆದ.

“ಹೇಳು,” ಎಂದ, ತಗ್ಗಿದ ದನಿಯಲ್ಲಿ.

ಈ ಸಲ ಫೋನಿನಲ್ಲಿದ್ದವನು ಇಂದ್ರೇಶನೇ. ನಾಲಿಗೆ ತೊದಲುತ್ತಿತ್ತು. “ಮಗಾ... ಎಲ್ಲ ನಿನ್ನ ಕೈಲೇ ಇದ್ಯಂತಲ್ಲೋ.”

“ಹೌದು. ನನ್ನ ಕೈಲೇ ಇದೆ.”

“ಹಳೇದೆಲ್ಲ ಬಿಟ್ಬಿಡು. ಕಾಲಿಗೆ ಬೀಳ್ತೀನಿ. ನನ್ನ ನಂಬ್ಕೊಂಡು ಇಷ್ಟು ಜನ ಬಂದಿದಾರೆ ಕಣೋ.”

“ಗುರುನೂ ನಂಬಿದ್ದ.”

ಗೋಪಾಲ ದನಿ ಏರಿಸದೆ ಮುಂದುವರಿಸಿದ.

“ಅವತ್ತು ನೀನೇನಂದೆ ಅಂತ ಚಿನ್ನಮ್ಮಂಗೆ ಹೇಳ್ತೀಯಾ?”

“ಹೇಳ್ತೀನೋ. ನಡೆದಿದ್ದನ್ನ ನಡೆದ ಹಾಗೇ ಹೇಳ್ತೀನಿ. ನೀನು ಮೊದ್ಲು ಹೂಂ ಅನ್ನು. ಒಂದು ಹೂಂ ಅಂದ್ರೆ ಸಾಕು.”

ಪರದೆಯ ಮೂಲೆಯಲ್ಲಿ ಕೇಸ್ ಮುಚ್ಚುವ ಗುಂಡಿಯಿತ್ತು. ಗೋಪಾಲನ ಬೆರಳು ಮೌಸಿನ ಮೇಲಿತ್ತು. ಒಂದು ಸಲ ಒತ್ತಿದರೆ ಈ ಮನುಷ್ಯ ನಾಳೆಯ ಸೂರ್ಯ ಇಳಿಯುವುದನ್ನು ನೋಡುವುದಿಲ್ಲ. ಕರೆ ರೆಕಾರ್ಡ್ ಆಗುತ್ತಿತ್ತು. ಅದನ್ನು ಕೇಳಿದ ಯಾವ ಮೇಲಧಿಕಾರಿಯೂ ಗೋಪಾಲನ ಮೇಲೆ ಆ ಸಾವಿನ ತಪ್ಪು ಹೊರಿಸುವಂತಿರಲಿಲ್ಲ. ನಾಲ್ಕು ವರ್ಷ ಕಾದ ಸೇಡು ಇಷ್ಟು ಅಗ್ಗವಾಗಿ ಸಿಗುತ್ತದೆಂದು ಅವನು ಎಣಿಸಿರಲಿಲ್ಲ.

ಬೆರಳು ಅಲ್ಲೇ ನಿಂತಿತು.

ಫೋನಿನಲ್ಲಿ ಗಾಳಿಯ ಸದ್ದು ಎದ್ದಿತು. ಅದು ಗಾಳಿಯಲ್ಲ; ಮೊದಲ ಕರೆಗೇ ಗೋಪಾಲ ಎಬ್ಬಿಸಿದ್ದ ಹೆಲಿಕಾಪ್ಟರಿನ ರೆಕ್ಕೆಗಳ ಬಡಿತ, ಹತ್ತಿರ ಹತ್ತಿರ. ಅದರ ನಡುವೆ ಊರ್ಮಿಳಾ ದೇವರ ಹೆಸರು ಕೂಗುತ್ತಿದ್ದಳು. ಇಂದ್ರೇಶ್ ಅವಳಿಗಿಂತ ಜೋರಾಗಿ ಅರಚಿದ: “ಬಂದೇಬಿಡ್ತಲ್ಲೋ! ಕೇಸ್ ಮುಚ್ಚೋ ಮಗಾ! ನಂಗೇನೂ ಆಗಿಲ್ಲ, ಪಿತ್ತ ಅಷ್ಟೇ. ಇವರ ಮುಂದೆ ನನ್ನ ಮಾನ ಹೋಗುತ್ತೆ, ನಾನು ನಡೀತೀನಿ. ಹೆಲಿಕಾಪ್ಟರ್ ವಾಪಸ್ ಕಳ್ಸೋ!”

“ನೀನು ಬದುಕಿ ಬಂದು ಚಿನ್ನಮ್ಮನ ಮುಂದೆ ನಿಲ್ಬೇಕು. ಕಳಿಸಲ್ಲ,” ಎಂದ ಗೋಪಾಲ.