ಬೇವಿನ ಬೆರಳು

ಬೇವಿನ ಮರದಲ್ಲಿ ಕೆತ್ತಿದ ಆಳೆತ್ತರದ ಕೈಯ ತೋರುಬೆರಳು ಮೆಲ್ಲಗೆ ಬಾಗಿತು. ಪಕ್ಕದಲ್ಲಿದ್ದ ಸುಬ್ರಮಣಿ ಗಾಬರಿಯಿಂದ ಹೆಂಡತಿಯತ್ತ ತಿರುಗಿದ.

ನಾಯಂಡಹಳ್ಳಿಯ ಶೆಡ್ಡಿನಲ್ಲಿ ಶಿಲ್ಪಿ ರತ್ನಮಾಲಾ ಮಾಡಿದ್ದ ಹೊಸ ಶಿಲ್ಪವದು. ತೋಳಿಗೆ ಪಟ್ಟಿ ಕಟ್ಟಿಕೊಂಡರೆ ಸ್ನಾಯುವಿನ ಕಣ್ಣಿಗೆ ಕಾಣದಷ್ಟು ಸಣ್ಣ ಮಿಡಿತವನ್ನೂ ಸೆನ್ಸರ್ ಗುರುತಿಸುತ್ತಿತ್ತು, ಮೋಟಾರು ಮರದ ಬೆರಳನ್ನು ಆಡಿಸುತ್ತಿತ್ತು. ಕೆತ್ತನೆ ಅರ್ಧವಾಗಿದ್ದಾಗ ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಗಿತ್ತು. ಉಳಿದದ್ದನ್ನು ಎಡಗೈಯಲ್ಲೇ ಮುಗಿಸಿದ್ದಳು. ಇವತ್ತು ಗಂಡ ಎಡತೋಳಿಗೆ ಪಟ್ಟಿ ಕಟ್ಟಲು ಬಂದಾಗ ಅವಳು ಬಿಡಲಿಲ್ಲ. "ಬಲಗೈಗೇ ಕಟ್ರಿ, ನೋಡೋಣ" ಅಂದಿದ್ದಳು.

"ವೈರ್ ಲೂಸ್ ಇರ್ಬೇಕು ಕಣೇ." ಆಸೆಪಡಲು ಸುಬ್ರಮಣಿಗೆ ಭಯ. ಒಂದೊಂದೇ ವೈರನ್ನು ಎಳೆದು ನೋಡಿದ. ಎಲ್ಲವೂ ಗಟ್ಟಿಯಾಗಿದ್ದವು.

"ನಾನೇ ಮಡಚಿದ್ದು ರೀ. ನೋಡಿ, ಈಗ ಬಿಡ್ತೀನಿ." ಮರದ ಬೆರಳು ನೆಟ್ಟಗಾಯಿತು. "ಈಗ ಮಡಚ್ತೀನಿ." ಮತ್ತೆ ಬಾಗಿತು.

ಅವಳ ಸ್ವಂತ ಬೆರಳು ತೊಡೆಯ ಮೇಲೆ ಅಲುಗದೆ ಬಿದ್ದಿತ್ತು. ಆದರೂ ರತ್ನಮಾಲಾ ಅಳುತ್ತಲೇ ನಕ್ಕಳು. "ಸತ್ತಿಲ್ಲ ರೀ ಈ ಕೈ. ನನ್ನ ಮಾತು ಇನ್ನೂ ಕೇಳ್ತಾ ಇದೆ."

ಸುಬ್ರಮಣಿ ನೆಲದ ಮೇಲೆ ಕೂತು ಆ ಕೈಯನ್ನು ತನ್ನೆರಡೂ ಅಂಗೈಗಳಲ್ಲಿ ಎತ್ತಿಕೊಂಡ. "ಇನ್ನೊಂದ್ಸಲ ಮಡಚು ಕಣೇ" ಎಂದ.