ಗೆದ್ದ ಕಾದಂಬರಿಯ ಒಂದು ಪುಟ

"ಏನಲೇ ಏಳನೇ ಕ್ಲಾಸ ನಪಾಸ, ನಿನ್ನ ಕಾದಂಬರಿ ಗೆದ್ದಿದ್ರ ದೇಶದ ಮಂದಿ ಬರೇ ಬೈಗುಳ ತಿಂದು ಬದುಕಬೇಕಾಗಿತ್ತು!"

ಖಾನಾವಳಿಯಲ್ಲಿ ಕೂತವರೆಲ್ಲ ಘೊಳ್ಳೆಂದು ನಕ್ಕರು. ಎದುರಿಗೆ ಉಣ್ಣುತ್ತಿದ್ದ ದುರುಗೇಶನಿಗೆ ಹೀಗೆ ಅಂದವನು ವಾಮನಮೂರ್ತಿ. ಪಕ್ಷಗಳ ಬದಲು ಕಾದಂಬರಿಗಳೇ ನಿಲ್ಲುವ ಚುನಾವಣೆಯಲ್ಲಿ ಈ ಸಲ ಗೆದ್ದದ್ದು ಅವನ ಕಾದಂಬರಿ. ಇನ್ನೈದು ವರ್ಷ ದೇಶ ಅದರಂತೆಯೇ ನಡೆಯಬೇಕು. ಅದರ ನಾಯಕಿ ಅಪರಿಚಿತರಿಗೆ ಮೊದಲು ಬಡಿಸುತ್ತಾಳೆಂದು ಖಾನಾವಳಿಯವಳೂ ಈಗ ಹಾಗೇ ಬಡಿಸುತ್ತಿದ್ದಳು. ದುರುಗೇಶನ ಕಾದಂಬರಿ ಠೇವಣಿ ಕಳೆದುಕೊಂಡಿತ್ತು.

ಅವನ ಹೊಟ್ಟೆ ಉರಿಯುತ್ತಿದ್ದುದು ಅದಕ್ಕಲ್ಲ. ವಾಮನನ ಪುಸ್ತಕದಲ್ಲಿ ಶಾಲೆ ಬಿಟ್ಟ ಸಿಡುಕನೊಬ್ಬನಿದ್ದ. ಯಾರು ಕೆಣಕಿದರೂ ಕೈ ಎತ್ತಿ ಜೈಲು ಸೇರುತ್ತಿದ್ದ. ಆ ಸಿಡುಕ ದುರುಗೇಶನೇ. ಹಲ್ಲು ಕಡಿಯುವ ರೀತಿಯೂ ತಪ್ಪಿಲ್ಲದೆ ಬಂದಿತ್ತು. ತನ್ನ ಸಿಟ್ಟನ್ನು ತನಗಿಂತ ಚೆನ್ನಾಗಿ ಇನ್ನೊಬ್ಬ ಬರೆದುಬಿಟ್ಟಿದ್ದ. ಅದನ್ನೋದಿದಾಗಿನಿಂದ ಅವನಿಗೆ ನಿದ್ದೆ ಹತ್ತಿರಲಿಲ್ಲ.

ಬಾಗಿಲಲ್ಲಿ ಹವಾಲ್ದಾರ ಬಸಪ್ಪ ಸಿಡುಕ ಖಾನಾವಳಿಯಲ್ಲಿ ಕೈ ಎತ್ತುವ ಪುಟ ತೆರೆದುಕೊಂಡು, ಬೇಡಿ ಹಿಡಿದು ನಿಂತಿದ್ದ. "ಲಗೂನ ಹೊಡಿಯಪಾ ತಮ್ಮಾ, ನನ್ನ ಊಟಾನೂ ಆಗಿಲ್ಲ," ಎಂದ. ಬರೆದಂತೆ ನಡೆಯದ ಪುಟವನ್ನು ಹರಿದು ಹಾಕಬೇಕೆಂಬುದು ಕಾಯಿದೆ. ಇಲ್ಲಿಯವರೆಗೆ ಒಂದೂ ಹರಿದಿರಲಿಲ್ಲ.

ದುರುಗೇಶನ ಮುಷ್ಟಿ ಬಿಗಿಯಿತು. ವಾಮನ ಕೆನ್ನೆ ಮುಂದೊಡ್ಡಿ, ಮುಂದಿನ ಸಾಲನ್ನು ಬಾಯಿಪಾಠ ಒಪ್ಪಿಸುವವನಂತೆ ತುಟಿ ಅಲುಗಿಸುತ್ತಿದ್ದ. "ಹೂಂ, ಉತ್ತರಾ ಕೊಡಲೇ!"

ದುರುಗೇಶ ತಾಟಿನಲ್ಲೇ ಕೈ ತೊಳೆದ, ಚಪ್ಪಲಿ ಮೆಟ್ಟಿದ, ಬಸಪ್ಪನನ್ನು ದಾಟಿ ಬೀದಿಗಿಳಿದ. ಹಿಂದೆ ಹಾಳೆ ಹರಿದ ಸದ್ದು ಕೇಳಿಸಿತು. ಎಂಥಾ ಚೆಂದದ ಪುಟ, ಎಂದುಕೊಂಡು, ಹಲ್ಲು ಕಡಿಯುತ್ತಲೇ ನಡೆದುಹೋದ.