ಸಕ್ಕರೆಯ ಅಂಗಿ

ಪ್ರೊಫೆಸರ್ ವಸುಮತಿ ಉಪನ್ಯಾಸ ಮುಗಿಸಿ ಬಂದಾಗ ಅವರ ಕೋಣೆಯ ಬಾಗಿಲು ತೆರೆದಿತ್ತು, ಲ್ಯಾಪ್‌ಟಾಪ್ ಇರಲಿಲ್ಲ. ಆರು ವರ್ಷದ ಸಂಶೋಧನೆ ಅದರಲ್ಲೇ ಇತ್ತು. ಸೀದಾ ಗೇಟಿಗೆ ಹೋಗಿ ಸೆಕ್ಯುರಿಟಿ ಬೋರಲಿಂಗಯ್ಯನ ಮೇಲೆ ಹರಿಹಾಯ್ದರು.

"ಐಡಿ ಕಾರ್ಡ್ ಇಲ್ಲದವರನ್ನ ಯಾರನ್ರೀ ಒಳಗೆ ಬಿಟ್ರಿ?"

"ಒಬ್ಬರನ್ನೇ ಮೇಡಂ. ಮಗಳಿಗೆ ಮೆಡಿಕಲ್ ಸೀಟ್ ಸಿಕ್ತು ಅಂತ ಪೇಡಾ ಹಂಚೋಕೆ ಬಂದಿದ್ರು. ಸಿಹಿ ತಂದೋರನ್ನ ವಾಪಸ್ ಹೆಂಗೆ ಕಳಿಸೋದು?"

"ನೀವೂ ತಿಂದ್ರಾ?"

"ಎರಡು."

ಉಪನ್ಯಾಸ ಇನ್ನೂ ಪ್ರೊಫೆಸರ್ ನಾಲಗೆಯ ಮೇಲೆ ಬಿಸಿಯಾಗಿತ್ತು. ಕೇಳುವವರು ಸಿಕ್ಕರೆ ಬಿಡುವ ಪೈಕಿ ಅವರಲ್ಲ.

"ನಮ್ಮ ಮೈಯಲ್ಲೂ ನಿಮ್ಮಂಥ ಕಾವಲು ಜೀವಕಣಗಳಿವೆ ಕಣ್ರೀ. ಹೊರಗಿನವರು ನುಗ್ಗಿದ್ರೆ ರೇಗಿ ಉರಿಯೂತ ಎಬ್ಬಿಸ್ತವೆ. ನಮ್ಮದೇ ಕಣಗಳ ಮೈಮೇಲೆ ಸಕ್ಕರೆಯ ಅಣುಗಳಿರ್ತವೆ. ಅದನ್ನ ಮುಟ್ಟಿ ನೋಡಿ, ನಮ್ಮೋರೇ ಅಂತ ತಣ್ಣಗಾಗ್ತವೆ. ಕ್ಯಾನ್ಸರ್ ಕಣ ಅದೇ ಸಕ್ಕರೆಯನ್ನ ಅಂಗಿ ಥರ ತೊಟ್ಕೊಂಡು ಬಂದ್ರೂ ತಣ್ಣಗಾಗ್ತವೆ! ಅವಕ್ಕಾದ್ರೆ ತಲೆ ಇಲ್ಲ. ನಿಮಗೇನಾಗಿತ್ತು?"

"ತಪ್ಪಾಯ್ತು ಮೇಡಂ."

"ತಪ್ಪಾಯ್ತು ಅಂದ್ರೆ ಲ್ಯಾಪ್‌ಟಾಪ್ ಬರುತ್ತಾ? ಇವತ್ತೇ ಡೈರೆಕ್ಟರ್‌ಗೆ ಬರೆದು ನಿಮ್ಮನ್ನ ಕೆಲಸದಿಂದ ತೆಗೆಸ್ತೀನಿ. ಎರಡು ಪೇಡಾಕ್ಕೆ ಗೇಟು ಬಿಟ್ಟುಕೊಡೋ ಮನುಷ್ಯ!"

ಬೋರಲಿಂಗಯ್ಯ ತಲೆ ತಗ್ಗಿಸಿಕೊಂಡೇ ಅಂಗಿಯ ಜೇಬಿನಿಂದ ಒಂದು ಬೀಗದ ಕೈ ತೆಗೆದು ಅವರ ಮುಂದೆ ಹಿಡಿದ.

"ಹೋಗುವಾಗ ಅವರು ಇದನ್ನ ನಿಮಗೆ ಕೊಡಿ ಅಂದ್ರು ಮೇಡಂ. ನೀವು ನಾಲ್ಕು ತಿಂದು, ಉಳಿದ ಡಬ್ಬೀನ ರೂಮಿನ ಟೇಬಲ್ ಮೇಲೆ ಇಟ್ಟು ಬನ್ನಿ ಅಂತ ಕೀ ಕೊಟ್ಟಿದ್ರಂತೆ."